ನಮ್ಮೂರಿನ ದಾಖಲೆಯಲ್ಲಿ ಬಂಗುಡೆ

ನಮ್ಮ ಪಂಚಾಯಿತಿಯ ಜೀವವೈವಿಧ್ಯ ದಾಖಲಾತಿಯನ್ನು ನಾವು ಎರಡು ಸಲ ಮಾಡಿದೆವು. ಮೊದಲನೆಯದು ಹನ್ನೆರಡು ದಿನಕ್ಕೆ ಮುಗಿಯಿತು. ಎರಡನೆಯದು ಶುರುವಾಗಿ ಎರಡು ವರ್ಷ ದಾಟಿದೆ, ಇನ್ನೂ ಮುಗಿದಿಲ್ಲ.

ನಾನು ಮಲೆನಾಡಿನ ಸಾಗರ ತಾಲೂಕಿನವನು, ಅಡಿಕೆ ತೋಟ. ಜೀವವೈವಿಧ್ಯ ನಿರ್ವಹಣಾ ಸಮಿತಿಯಲ್ಲಿ ನನ್ನ ಹೆಸರಿದೆ ಅನ್ನುವುದು ಸಹಿ ಹಾಕಿ ಅಂತ ಕರೆದಾಗಲೇ ನನಗೆ ಗೊತ್ತಾಗಿದ್ದು. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಇಂಥ ಸಮಿತಿ ಇರಬೇಕು, ಜನರನ್ನು ಕೇಳಿ ಊರಿನ ಗಿಡ-ಮರ, ಪ್ರಾಣಿ, ತಳಿ, ಬಳಕೆಯ ತಿಳಿವಳಿಕೆ ಎಲ್ಲ ಬರೆದಿಡಬೇಕು. ವರ್ಷಗಟ್ಟಲೆ ಯಾರೂ ತಲೆಕೆಡಿಸಿಕೊಂಡಿರಲಿಲ್ಲ. 2019ರ ಆಗಸ್ಟ್‌ನಲ್ಲಿ ಹಸಿರು ನ್ಯಾಯಮಂಡಳಿ, 2020ರ ಜನವರಿ 31ರೊಳಗೆ ಮುಗಿಸದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕು ಅಂದಿತು ನೋಡಿ, ಎಲ್ಲ ಕಡೆ ಓಡಾಟ ಶುರುವಾಯಿತು.

ನಮ್ಮಲ್ಲಿಗೂ ಒಂದು ತಂಡ ಬಂತು. ಇಬ್ಬರು ಹುಡುಗರು, ಒಂದು ಬೈಕು, ತುಂಬಿಸಬೇಕಾದ ಫಾರಂ ಕಟ್ಟು. ಪಾಪ, ಅವರದೇನೂ ತಪ್ಪಿಲ್ಲ, ಅವರಿಗೂ ಮೇಲಿನಿಂದ ಗಡುವು. ಕೊನೆಗೆ ಬೈಂಡ್ ಮಾಡಿದ ಪುಸ್ತಕ ಕೈಗೆ ಬಂದಾಗ ಮೀನಿನ ಪುಟ ತೆಗೆದೆ. ಬಂಗುಡೆ ಇತ್ತು, ಸಮುದ್ರದ ಮೀನು! ನಮ್ಮೂರಿಗೆ ಬಂಗುಡೆ ಬರುವುದು ಮೀನು ಮಾರುವವರ ಬೈಕಿನ ಡಬ್ಬಿಯಲ್ಲಿ, ಐಸಿನ ಜೊತೆ. ಕರಾವಳಿಯ ಯಾವುದೋ ಪಂಚಾಯಿತಿಯ ಪಟ್ಟಿ ಹಾಗೇ ಬಂದು ಕೂತಿತ್ತು ಅನಿಸುತ್ತದೆ.

ಆ ಸಿಟ್ಟಿಗೇ ನಾನು 2006ರ ರಾಷ್ಟ್ರೀಯ ಪರಿಸರ ನೀತಿಯನ್ನು ಹುಡುಕಿ ಓದಿದ್ದು. ಓದುವಾಗ ಅರ್ಧ ನಿದ್ದೆ, ಆದರೆ ಒಂದು ಮಾತು ಸಿಕ್ಕಿತು. ಕಾಡು ನೀರು ನಂಬಿಕೊಂಡವರಿಗೆ ಅದನ್ನು ಹಾಳುಮಾಡಿದಾಗ ಸಿಗುವುದಕ್ಕಿಂತ ಉಳಿಸಿದಾಗ ಜಾಸ್ತಿ ದುಡಿಮೆ ಆಗಬೇಕು, ಆಗ ಮಾತ್ರ ಅದು ಉಳಿಯುತ್ತದೆ ಅನ್ನುವುದು ಅದರ ಸಾರ. ಓದಿದ ತಕ್ಷಣ ನನಗೆ ನೆನಪಾಗಿದ್ದು ಅಪ್ಪೆಮಿಡಿ, ಉಪ್ಪಿನಕಾಯಿಗೆ ಹಾಕುವ ಮಾವಿನ ಮಿಡಿ.

ಎರಡನೇ ಸಲ ನಾವು ಫಾರಂ ಪಕ್ಕಕ್ಕಿಟ್ಟು ಅಡುಗೆಮನೆಯಿಂದ ಶುರುಮಾಡಿದೆವು. ಸಮಿತಿಯ ಹೆಂಗಸರು, ಅಲ್ಲಿಯವರೆಗೆ ಸುಮ್ನೆ ಸಹಿಗಷ್ಟೇ ಇದ್ದವರು, ಮನೆಮನೆಗೆ ಹೋಗಿ ತಂಬುಳಿಗೆ ಏನೇನು ಸೊಪ್ಪು ಹಾಕ್ತೀರಿ, ಯಾವ ತಿಂಗಳಲ್ಲಿ, ಎಲ್ಲಿಂದ ತರ್ತೀರಿ ಅಂತ ಕೇಳಿದರು. ಊರಿನ ಹೆಸರು ಮೊದಲು ಬರೆಯುವುದು, ಫೋಟೋ ತೆಗೆಯುವುದು, ವೈಜ್ಞಾನಿಕ ಹೆಸರನ್ನು ಆಮೇಲೆ ಸಸ್ಯಶಾಸ್ತ್ರ ಕಲಿಸುವ ಮೇಷ್ಟ್ರ ಹತ್ತಿರ ಕೂತು ಸೇರಿಸುವುದು. ವರದಾ ಹೊಳೆ ಪಕ್ಕದ ಗದ್ದೆಯ ಒಬ್ಬರ ಪಣತದಲ್ಲಿ, ಅಂದರೆ ಭತ್ತದ ಕಣಜದಲ್ಲಿ, ನೆರೆಗುಳಿ ಭತ್ತದ ಬೀಜ ಇನ್ನೂ ಇತ್ತು, ನೆರೆ ನೀರು ನಿಂತರೂ ತಡೆಯುವ ತಳಿ ಅದು. ಮೊದಲ ಪುಸ್ತಕದಲ್ಲಿ ಭತ್ತ ಅಂತ ಒಂದೇ ಸಾಲು ಇತ್ತು.

ತೊಡಕಾಗಿದ್ದು ನಾಟಿವೈದ್ಯರ ಹತ್ತಿರ. ಹಿರಿಯರೊಬ್ಬರು, "ತಮ್ಮಾ, ಮರ ಬೇಕಾದ್ರೆ ತೋರಿಸ್ತೀನಿ, ಯಾವ ಕಾಯಿಲೆಗೆ ಅಂತ ಮಾತ್ರ ಕೇಳಬೇಡ" ಅಂದರು. ಬರೆದಿಟ್ಟರೆ ನಿಮ್ಮ ಹಕ್ಕು ಉಳಿಯುತ್ತೆ ಅಂತ ಮೊದಲು ವಾದ ಮಾಡಿದೆ. "ಪುಸ್ತಕದಾಗೆ ಬಂದಿದ್ದು ಪ್ಯಾಟೆಗೆ ಹೋಗದೆ ಇರ್ತದಾ?" ಅಂತ ಕೇಳಿದರು. ಉತ್ತರ ಇರಲಿಲ್ಲ. ಮರದ ಹೆಸರು, ಜಾಗ, ಎಷ್ಟು ಉಳಿದಿದೆ ಅನ್ನುವುದಷ್ಟೇ ಬರೆದೆವು. ಔಷಧಿಯ ಕಾಲಂ ಖಾಲಿ ಬಿಟ್ಟೆವು. ಫಾರಂ ಅಪೂರ್ಣ ಅಂತ ಕಚೇರಿಯಿಂದ ಆಕ್ಷೇಪ ಬಂತು, ಬರಲಿ.

ಇನ್ನು ಅಪ್ಪೆ. ಮಿಡಿ ಮಾರುವುದು ಎಣಿಕೆ ಲೆಕ್ಕದಲ್ಲಿ, ಹಾಗಾಗಿ ಬೇಗ ಜಾಸ್ತಿ ಇಳಿಸಿದವನಿಗೆ ಲಾಭ. ಹೊಳೆ ದಂಡೆಯ ಮರ ಯಾರದ್ದೂ ಅಲ್ಲ, ಟೊಂಗೆಯನ್ನೇ ಕಡಿದು ಕೆಳಗೆ ಕೂತು ಕೊಯ್ಯುತ್ತಾರೆ. ನಾವು ಒಂದೊಂದೇ ಮರ ಹುಡುಕಿ ನಂಬರು ಕೊಟ್ಟೆವು. ಜೀರಿಗೆ ವಾಸನೆಯದ್ದು ಯಾವುದು, ಸೊನೆ ಜಾಸ್ತಿ ಇರುವುದು ಯಾವುದು, ವರ್ಷಗಟ್ಟಲೆ ಉಪ್ಪಿನಲ್ಲಿಟ್ಟರೂ ಮೆತ್ತಗಾಗದ್ದು ಯಾವುದು, ಎಲ್ಲ ಬರೆದೆವು. ಒಟ್ಟು 43 ಮರ ಸಿಕ್ಕಿದವು. ಅದರಲ್ಲಿ 11ಕ್ಕೆ ತುದಿಯೇ ಇರಲಿಲ್ಲ.

ವ್ಯಾಪಾರಕ್ಕೆ ಕೊಯ್ಯುವವರಿಂದ ಶುಲ್ಕ ತೆಗೆದುಕೊಳ್ಳಲು ಕಾಯ್ದೆಯ 41ನೇ ಸೆಕ್ಷನ್ನಿನಲ್ಲಿ ಸಮಿತಿಗೆ ಅವಕಾಶವಿದೆ. ಅದನ್ನು ಹಿಡಿದು ಗ್ರಾಮಸಭೆಯಲ್ಲಿ ಠರಾವು ಮಾಡಿಸಿದೆವು. ಕೊಕ್ಕೆಗೆ ಬಲೆ ಕಟ್ಟಿ, ತೊಟ್ಟು ಸಮೇತ ಕೊಯ್ಯಬೇಕು, ಟೊಂಗೆ ಕಡಿದರೆ ಮುಂದಿನ ವರ್ಷ ಆ ಗುಂಪಿಗೆ ಮರ ಇಲ್ಲ. ಶುಲ್ಕ ನೆಟ್ಟಗೆ ವಸೂಲಾಗಲಿಲ್ಲ, ಅದು ಒಪ್ಪಿಕೊಳ್ಳಬೇಕಾದ ಮಾತು. ಒಬ್ಬ ವ್ಯಾಪಾರಿ ಕೊಟ್ಟ, ಇಬ್ಬರು ನಾಳೆ ಅಂದವರು ಇವತ್ತಿಗೂ ಬಂದಿಲ್ಲ. ಆದರೆ ಬಿದ್ದು ಪೆಟ್ಟಾಗದ, ತೊಟ್ಟಿರುವ ಮಿಡಿಗೆ ರೇಟು ಜಾಸ್ತಿ ಸಿಕ್ಕಿತು. ಅದನ್ನು ನೋಡಿ ಕೊಯ್ಯುವ ಹುಡುಗರೇ ಕತ್ತಿ ಮನೆಯಲ್ಲಿ ಬಿಟ್ಟು ಬಂದರು. ನಮ್ಮ ಠರಾವಿಗಿಂತ ಅದೇ ಜಾಸ್ತಿ ಕೆಲಸ ಮಾಡಿತು.

ಮೀನಿನ ಪುಟ ಮಾತ್ರ ಇನ್ನೂ ಖಾಲಿ. ಬಂಗುಡೆಯ ಹೆಸರು ಹೊಡೆದುಹಾಕಿದ್ದಷ್ಟೇ ಆಗಿದೆ. ಮೊದಲ ಮಳೆಗೆ ಹತ್ತುಮೀನು ಹರಿವಿಗೆ ಎದುರಾಗಿ ಏರುವ ರಾತ್ರಿ, ಅದನ್ನು ಹಿಡಿಯಲು ಕೂಣಿ ಇಡುವವರ ಜೊತೆ ಹೋಗಬೇಕು, ಹೆಸರು ಹೇಳಬೇಕಾದವರು ಅವರೇ ಅಲ್ವಾ. ಕಳೆದ ವರ್ಷ ಕರೆದಿದ್ದರು, ನನಗೆ ಜ್ವರ. ಈ ಸಲ ಟಾರ್ಚಿಗೆ ಹೊಸ ಸೆಲ್ಲು ತಂದಿಟ್ಟಿದ್ದೇನೆ.