ಸಕ್ಕರೆಯ ಎರಡು ಪದರ ಕೊನೆಗೂ ಕೈ ಹಿಡಿಯಿತು

ಚಿನ್ನದ ನ್ಯಾನೋಕಣ ಇ. ಕೋಲೈ ಬ್ಯಾಕ್ಟೀರಿಯಾದ ಮೈಗೆ ನಿಜಕ್ಕೂ ಅಂಟಿದೆಯೋ, ಸುಮ್ನೆ ಪಕ್ಕದಲ್ಲಿ ತೇಲುತ್ತಿದೆಯೋ? ಇದನ್ನು ಬೇರ್ಪಡಿಸಿ ನೋಡಲು ನನಗೆ ಸುಮಾರು ಎರಡು ವರ್ಷ ಹಿಡಿಯಿತು. ಸುಕ್ರೋಸ್ ಅಂದರೆ ಸಕ್ಕರೆ ದ್ರಾವಣದ ಎರಡು ಪದರ ಸಾಕು ಎಂದಾಗ ಲ್ಯಾಬಿನಲ್ಲಿ ಯಾರೂ ನಂಬಲಿಲ್ಲ. ಈಗ ಅವರೇ ಟ್ಯೂಬ್ ಹಿಡಿದುಕೊಂಡು ಕೇಳಲು ಬರುತ್ತಾರೆ.

ಮೊದಲ ಎಂಟು ತಿಂಗಳು ಪಿಬಿಎಸ್ ಎಂಬ ಉಪ್ಪಿನ ಬಫರ್ ದ್ರಾವಣದಲ್ಲೇ ಹಾಳಾಯಿತು. ಸಿಟ್ರೇಟ್ ಹೊದಿಕೆಯ 20 ನ್ಯಾನೋಮೀಟರ್ ಕಣ, ತೊಳೆದ ಕೋಶ, ಅರ್ಧ ಗಂಟೆ ಬೆರೆಸಿ ಸೆಂಟ್ರಿಫ್ಯೂಜಿನಲ್ಲಿ ಸ್ಪಿನ್. ತಳದಲ್ಲಿ ಕೂತ ಪೆಲೆಟ್ ಕಡು ನೇರಳೆ ಬಣ್ಣಕ್ಕೆ ಬಂತು. ಎಷ್ಟು ಚೆನ್ನಾಗಿ ಅಂಟಿದೆ ಎಂದು ಖುಷಿಪಟ್ಟೆ. ಕಣದ ವಿದ್ಯುದಂಶವೂ ಋಣ, ಕೋಶದ ಮೈಯದೂ ಋಣ, ಇಷ್ಟೊಂದು ಅಂಟುವುದು ಹೇಗೆ ಎಂದು ಆಗಲೇ ಅನುಮಾನ ಬರಬೇಕಿತ್ತು. ಒಂದು ದಿನ ಬ್ಯಾಕ್ಟೀರಿಯಾ ಹಾಕದ ಟ್ಯೂಬನ್ನೂ ತಿರುಗಿಸಿದೆ. ಅದೇ ಪೆಲೆಟ್! ಉಪ್ಪಿಗೆ ಕಣಗಳೇ ಮುದ್ದೆಗಟ್ಟಿ ತಳ ಸೇರುತ್ತಿದ್ದವು.

ಅದಕ್ಕಿಂತ ನೋವಾಗಿದ್ದು ಎಲೆಕ್ಟ್ರಾನ್ ಮೈಕ್ರೋಸ್ಕೋಪಿಗೆ ಸುರಿದ ದುಡ್ಡು. ಗಂಟೆ ಲೆಕ್ಕದ ಬಾಡಿಗೆ, ಅಲ್ವಾ? ಆ ವರ್ಷದ ಖರ್ಚಿನಲ್ಲಿ ಹತ್ತಿರ ಹತ್ತಿರ ಅರ್ಧ ಅದಕ್ಕೇ ಹೋಯಿತು. ಚಿತ್ರಗಳೇನೋ ಚೆಂದ ಬಂದವು, ಕೋಶದ ಸುತ್ತ ಕಣಗಳ ಸಾಲು. ಆದರೆ ಸ್ಯಾಂಪಲ್ ಇಡುವ ಗ್ರಿಡ್ ಎಂಬ ಜಾಲರಿ ಮೇಲೆ ಹನಿ ಒಣಗುವಾಗ ನೀರೇ ಕಣಗಳನ್ನು ಕೋಶದ ಅಂಚಿಗೆ ಎಳೆದು ತರುತ್ತದೆ. ಅಂಟದ ಕಣವೂ ಅಂಟಿದಂತೆ ಕಾಣುತ್ತದೆ. ಆ ಚಿತ್ರಗಳಲ್ಲಿ ಒಂದನ್ನೂ ನಾನು ಬಳಸಲಿಲ್ಲ.

ಪಿಬಿಎಸ್ ಬಿಟ್ಟು 10 ಮಿಲಿಮೋಲಾರ್ ಹೆಪೆಸ್ ಎಂಬ ಇನ್ನೊಂದು ಬಫರಿಗೆ ಬಂದೆ, ಜೊತೆಗೆ ಸ್ವಲ್ಪ ಸುಕ್ರೋಸ್. ಇಷ್ಟು ಕಡಿಮೆ ಉಪ್ಪಿನಲ್ಲಿ ಕೋಶ ಉಳಿಯುವುದಿಲ್ಲ ಎಂದು ಹಿರಿಯರೊಬ್ಬರು ವಾದಿಸಿದರು. ಒಂದು ಗಂಟೆ ಬಿಟ್ಟು ತಟ್ಟೆಯಲ್ಲಿ ಬೆಳೆಸಿ ನೋಡಿದೆ. ಕಾಲೊನಿ ಎಣಿಕೆ ಮೊದಲಿನಷ್ಟೇ ಇತ್ತು.

ಇನ್ನು ಪದರದ ವಿಷಯ. ಮೇಲಿನದು ತೆಳು, ಶೇಕಡಾ 20ರ ಆಸುಪಾಸು. ಕೆಳಗಿನದು ಮಂದ, ಕೋಶ ಅದರ ಮೇಲೆ ನಿಲ್ಲಬೇಕು. ಅದರ ಪ್ರಮಾಣ ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಸ್ಯಾಂಪಲ್ ಕಲಕದಂತೆ ಮೇಲೆ ಬಿಡುವ ರೀತಿಯೂ ಅಷ್ಟೇ. ಗುರುತ್ವದ ಸುಮಾರು 3000 ಪಟ್ಟು ಬಲದಲ್ಲಿ, ಹದಿನೈದು ನಿಮಿಷ ಸ್ಪಿನ್. ಬಿಡಿ ಕಣ ಮೇಲೇ ಉಳಿಯುತ್ತದೆ, ದೊಡ್ಡ ಮುದ್ದೆ ತಳಕ್ಕೆ ಬೀಳುತ್ತದೆ, ಕೋಶ ನಡುವೆ ಪಟ್ಟಿಯಾಗಿ ನಿಲ್ಲುತ್ತದೆ. ಸಿಟ್ರೇಟ್ ಕಣ ಹಾಕಿದಾಗ ಮೇಲೆ ಕೆಂಪು, ನಡುವೆ ಬಿಳಿ ಪಟ್ಟಿ. ಪಾಲಿಅಲೈಲಮೈನ್ ಎಂಬ ಪಾಲಿಮರ್ ಹೊದಿಸಿದ ಧನ ವಿದ್ಯುದಂಶದ ಕಣ ಹಾಕಿದಾಗ ಆ ಪಟ್ಟಿಯೇ ಕೆಂಪಾಯಿತು. ಆ ಟ್ಯೂಬನ್ನು ಕೈಯಲ್ಲಿ ಹಿಡಿದು ಎಷ್ಟೋ ಹೊತ್ತು ನೋಡುತ್ತಾ ನಿಂತಿದ್ದೆ.

ಧನ ಕಣದಲ್ಲೂ ಒಮ್ಮೆ ಎಡವಿದ್ದೆ. ಕೋಶಗಳು ಸಾಯುತ್ತಿದ್ದವು, ಕಣವೇ ಕೊಲ್ಲುತ್ತಿದೆ ಎಂದುಕೊಂಡೆ. ಕಣಗಳನ್ನು ಜೋರಾಗಿ ಸ್ಪಿನ್ ಮಾಡಿ ಇಳಿಸಿ, ಮೇಲಿನ ತಿಳಿಯನ್ನಷ್ಟೇ ಕೋಶಕ್ಕೆ ಹಾಕಿದೆ. ಆಗಲೂ ಅಷ್ಟೇ ಸತ್ತವು. ಕೊಲ್ಲುತ್ತಿದ್ದುದು ತೊಳೆಯದೆ ಉಳಿದಿದ್ದ ಪಾಲಿಮರ್. ಈಗ ಮೂರು ಸಲ ತೊಳೆಯುತ್ತೇನೆ, ಪ್ರತಿ ಬ್ಯಾಚಿನ ತಿಳಿಯನ್ನೂ ಪರೀಕ್ಷಿಸುತ್ತೇನೆ. ತೊಳೆಯುವಾಗ ಐದನೇ ಒಂದು ಪಾಲು ಕಣ ನಷ್ಟ. ಚಿನ್ನದ ಉಪ್ಪಿನ ಬೆಲೆ ನೆನೆದರೆ ಹೊಟ್ಟೆ ಉರಿಯುತ್ತದೆ, ಆದರೂ ಬಿಡುವಂತಿಲ್ಲ.

ಅಳತೆಗೆ ಮೇಲೆ ಉಳಿದ ಕೆಂಪನ್ನು 520 ನ್ಯಾನೋಮೀಟರ್ ಬೆಳಕಿನಲ್ಲಿ ಓದಿ, ಹಾಕಿದ ಒಟ್ಟು ಕಣದಿಂದ ಕಳೆಯುತ್ತೇನೆ. ಚಿನ್ನವನ್ನೇ ನೇರವಾಗಿ ಅಳೆಯುವ ಐಸಿಪಿ ಯಂತ್ರಕ್ಕೆ ಕಳಿಸಿದ್ದು ಆರೇಳು ಸ್ಯಾಂಪಲ್ ಮಾತ್ರ. ಎರಡೂ ಲೆಕ್ಕ ಶೇಕಡಾ 10ರೊಳಗೆ ಕೂಡಿ ಬಂದವು, ದುಡ್ಡೂ ಉಳಿಯಿತು.

ನಡುವೆ ಕುತೂಹಲಕ್ಕೆ 5 ಮಿಲಿಮೋಲಾರ್ ಮೆಗ್ನೀಶಿಯಂ ಕ್ಲೋರೈಡ್ ಹಾಕಿ ನೋಡಿದೆ. ಅಂಟಿದ ಕಣ ಅರ್ಧಕ್ಕಿಂತ ಕಡಿಮೆಯಾಯಿತು. ಕೋಶದ ಹೊರಮೈಯಲ್ಲಿರುವ ಎಲ್‌ಪಿಎಸ್ ಅಣುವಿನ ಋಣ ಫಾಸ್ಫೇಟಿಗೆ ಮೆಗ್ನೀಶಿಯಂ ಮೊದಲೇ ಹೋಗಿ ಕೂರುತ್ತದೆ ಎಂದು ನನ್ನ ಅಂದಾಜು. ಕಣದ ಪ್ರಮಾಣ ಹೆಚ್ಚಿಸಿದಾಗ ಇನ್ನೊಂದು ಕಂಡಿತು. ಕೆಂಪು ಪಟ್ಟಿ ಕೆಳಗಿನ ಪದರದೊಳಕ್ಕೆ ಜಾರಿತು. 20 ನ್ಯಾನೋಮೀಟರಿನ ಸಾವಿರ ಕಣದ ತೂಕ ಒಂದು ಕೋಶದ ತೂಕದಲ್ಲಿ ಶೇಕಡಾ ಎಂಟರಷ್ಟಾಗುತ್ತದೆ, ಇಳಿಯದೆ ಇರುತ್ತದೆಯೇ? ಪಟ್ಟಿ ಎಷ್ಟು ಇಳಿಯಿತು ಎಂಬುದರಿಂದಲೇ ಕೋಶವೊಂದಕ್ಕೆ ಎಷ್ಟು ಕಣ ಎಂದು ಓದಲು ಈಗ ಹೊರಟಿದ್ದೇನೆ. ಇದನ್ನೂ ಯಾರೂ ನಂಬುತ್ತಿಲ್ಲ.