ಮೊದಲು ಕೊಯ್ಯಲು ಕಲಿತೆ, ಆಮೇಲೆ ಕಸಿ ಕಟ್ಟಲು

ನಮ್ಮ ತೋಟದ ಕೆಳಗೆ ಹಳ್ಳದ ದಂಡೆಯಲ್ಲಿ ಒಂದು ಅಪ್ಪೆಮಿಡಿ ಮರ ಇತ್ತು, ಉಪ್ಪಿನಕಾಯಿಗೆ ಹಾಕುವ ಮಿಡಿ ಮಾವಿನದ್ದು. ಜೀರಿಗೆ ಪರಿಮಳದ್ದು. ಎಲೆ ಚಿವುಟಿದರೆ ಸಾಕು, ಬೆರಳಿಗೆ ಹತ್ತಿದ ವಾಸನೆ ಊಟದ ಹೊತ್ತಿನವರೆಗೂ ಹೋಗುತ್ತಿರಲಿಲ್ಲ. ನನಗೆ 43 ವರ್ಷ ಆಗಿದ್ದ ಮಳೆಗಾಲದಲ್ಲಿ ಹಳ್ಳ ಉಕ್ಕಿ ಅದರ ಬುಡದ ಮಣ್ಣು ಅರ್ಧ ಕೊಚ್ಚಿಹೋಯಿತು. ಮರ ನೀರಿನ ಕಡೆಗೆ ವಾಲಿತು. ಇನ್ನು ಎರಡೋ ಮೂರೋ ಮಳೆಗಾಲ ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತಾಯಿತು.

ಗೊರಟು ಹಾಕಿ ಸಸಿ ಮಾಡಬಹುದಲ್ವಾ ಅಂತ ಕೇಳಬಹುದು. ಅಪ್ಪ ಅದನ್ನು ಹಿಂದೆಯೇ ಮಾಡಿ ನೋಡಿದ್ದರು. ಆ ಗೊರಟಿನಿಂದ ಬೆಳೆದ ಮರ ಈಗಲೂ ಇದೆ, ಮಿಡಿಯೂ ಬಿಡುತ್ತದೆ, ಆದರೆ ಜೀರಿಗೆಯ ಪರಿಮಳ ಇಲ್ಲ. ಮಾವಿನ ಹೂವಿಗೆ ನೊಣ, ಜೇನು ಯಾವ್ಯಾವುದೋ ಮರದ ಪರಾಗ ತರುತ್ತವೆ. ಹಾಗಾಗಿ ಗೊರಟಿನ ಸಸಿ ತಾಯಿಮರದ ಹಾಗೇ ಇರುತ್ತದೆ ಅನ್ನುವಂತಿಲ್ಲ. ಅದೇ ಮರ ಉಳಿಯಬೇಕಾದರೆ ಅದರ ಕಡ್ಡಿಯನ್ನೇ ತಂದು ಇನ್ನೊಂದು ಸಸಿಗೆ ಕಸಿ ಕಟ್ಟಬೇಕು.

ನಾನು ಸೊಸೈಟಿಯಲ್ಲಿ ಲೆಕ್ಕ ಬರೆಯುವವನು. ಪುಸ್ತಕ ಓದಿದೆ, ಮೊಬೈಲಿನಲ್ಲಿ ವಿಡಿಯೊ ನೋಡಿದೆ. ಕೆಲಸ ಕೇಳುವುದಕ್ಕೆ ಸುಲಭ. ಸಸಿಯ ತಲೆ ಕತ್ತರಿಸಿ ನಡುವೆ ಸೀಳಬೇಕು. ಕಡ್ಡಿಯ ಬುಡವನ್ನು ಬೆಣೆಯ ಹಾಗೆ ಎರಡೂ ಕಡೆ ಕೆತ್ತಿ ಆ ಸೀಳಿಗೆ ಇಳಿಸಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಸುತ್ತಿ, ಮೇಲಿನಿಂದ ಐಸ್‌ಕ್ಯಾಂಡಿ ಕವರ್ ತೊಡಿಸಬೇಕು. ಆ ವರ್ಷ 30 ಸಸಿಗೆ ಕಟ್ಟಿದೆ. ಚಿಗುರಿದ್ದು ಎರಡು.

ಉಳಿದ 28 ಯಾಕೆ ಸತ್ತವು ಅಂತ ನನಗೆ ಒಂಚೂರೂ ತಿಳಿಯಲಿಲ್ಲ. ಈ ವಿದ್ಯೆಯ ಕಷ್ಟ ಇರುವುದೇ ಅಲ್ಲಿ. ದೋಸೆ ಹುಯ್ಯುವುದು ತಪ್ಪಿದರೆ ಕಾವಲಿಯ ಮೇಲೇ ಕಾಣುತ್ತದೆ, ಮುಂದಿನ ದೋಸೆಗೆ ಕೈ ತಿದ್ದಿಕೊಳ್ಳುತ್ತದೆ. ಕಸಿಯಲ್ಲಿ ಮಾಡಿದ ತಪ್ಪು ಕಾಣುವುದು 20 ದಿನ ಕಳೆದ ಮೇಲೆ, ಕಡ್ಡಿ ಕಪ್ಪಾದಾಗ. ಅಷ್ಟರಲ್ಲಿ ಅವತ್ತು ಏನು ಮಾಡಿದ್ದೆ ಅನ್ನುವುದು ಕೈಗೂ ಮರೆತಿರುತ್ತದೆ, ತಲೆಗೂ ಮರೆತಿರುತ್ತದೆ.

ಪಕ್ಕದ ಊರಿನಲ್ಲಿ ಕಸಿ ಕಟ್ಟುವ ಹಿರಿಯರೊಬ್ಬರಿದ್ದರು. ಒಂದು ಭಾನುವಾರ ಅವರ ಜಗುಲಿಯಲ್ಲಿ ಕೂತು ಸುಮ್ನೆ ಅವರ ಕೈ ನೋಡಿದೆ. ಆಮೇಲೆ ಅವರು ನನ್ನ ಕೈಗೆ ಚಾಕು ಕೊಟ್ಟು ಒಂದು ಕಡ್ಡಿ ಕೆತ್ತಿಸಿದರು. ಕೆತ್ತಿದ ಮುಖವನ್ನು ಚಾಕುವಿನ ಅಲಗಿಗೆ ತಾಗಿಸಿ ಬೆಳಕಿಗೆ ಎತ್ತಿ ಹಿಡಿದರು. ಎರಡರ ನಡುವೆ ಸಣ್ಣ ಬೆಳಕಿನ ಗೆರೆ ಕಂಡಿತು. "ನೋಡು, ಇಲ್ಲಿ ಹಳ್ಳ ಬಿದ್ದಿದೆ. ಹಳ್ಳ ಇದ್ದಲ್ಲಿ ಕೂಡುವುದು ಹೇಗೆ? ಮೊದಲು ಕೊಯ್ಯುವುದು ಕಲಿ ಮಾರಾಯ, ಕಟ್ಟುವುದು ಆಮೇಲೆ" ಅಂದರು.

ನನ್ನ ಕಲಿಕೆ ಶುರುವಾದದ್ದು ಅವತ್ತು ಅಂತಲೇ ಹೇಳುತ್ತೇನೆ. 20 ದಿನ ಕಾಯಬೇಕಾದ ಕೆಲಸದೊಳಗೆ ಆ ಕ್ಷಣದಲ್ಲೇ ಫಲ ಗೊತ್ತಾಗುವ ಒಂದು ತುಂಡನ್ನು ಅವರು ಬೇರೆ ಮಾಡಿ ಕೊಟ್ಟಿದ್ದರು. ಮರುದಿನದಿಂದ ಬೆಳಿಗ್ಗೆ ಕಾಫಿ ಕುಡಿದು, ಬೇಲಿಯ ದಾಸವಾಳದಿಂದ 10 ಕಡ್ಡಿ ಮುರಿದುಕೊಂಡು ಕೂರುತ್ತಿದ್ದೆ. ಪೆನ್ಸಿಲ್ ದಪ್ಪದ್ದು, ಒಂದೂವರೆ ಇಂಚಿನ ಬೆಣೆ. ಕೆತ್ತುವುದು, ಬೆಳಕಿಗೆ ಹಿಡಿಯುವುದು, ಎಸೆಯುವುದು. ಮೂರನೇ ವಾರಕ್ಕೆ ಒಂದು ಸಂಗತಿ ಹಿಡಿಯಿತು. ನಾನು ಮಣಿಕಟ್ಟು ತಿರುಗಿಸುತ್ತಿದ್ದೆ, ಅದಕ್ಕೇ ಮುಖ ಬಾಗುತ್ತಿತ್ತು. ಮಣಿಕಟ್ಟು ಬಿಗಿ ಹಿಡಿದು ಇಡೀ ತೋಳಿನಿಂದ ಒಂದೇ ಎಳೆತ ಎಳೆದರೆ ಮುಖ ಹಲಗೆಯ ಹಾಗೆ ಬರುತ್ತದೆ. ಎರಡನೇ ಸಲ ಕೆತ್ತಿ ಸರಿ ಮಾಡಲು ಹೋದರೆ ಮತ್ತೆ ಹಳ್ಳ ಬೀಳುತ್ತದೆ. ಇದನ್ನು ಪುಸ್ತಕದಲ್ಲಿ ಮೊದಲೇ ಓದಿದ್ದೆ. ಓದಿದ್ದು ಕೈಗೆ ಇಳಿಯುವುದಕ್ಕೆ ಸುಮಾರು 200 ದಾಸವಾಳದ ಕಡ್ಡಿ ಬೇಕಾಯಿತು.

ಉಳಿದ ಭಾಗಕ್ಕೆ ಲೆಕ್ಕದ ಪುಸ್ತಕ ನೆರವಿಗೆ ಬಂತು. ಪ್ರತಿ ಸಸಿಗೂ ಒಂದು ನಂಬರ್. ಕಡ್ಡಿ ಯಾವತ್ತು ಕೊಯ್ದದ್ದು, ಎಲೆ ಯಾವತ್ತು ಸವರಿದ್ದು, ಕಟ್ಟಿದ ಹೊತ್ತು, ಮಳೆ ಇತ್ತೋ ಬಿಸಿಲೋ, ಎಲ್ಲ ಬರೆದಿಡುತ್ತಿದ್ದೆ. ಎರಡನೇ ವರ್ಷ 40ರಲ್ಲಿ 17 ಬದುಕಿದವು. ಸತ್ತವನ್ನು ಪುಸ್ತಕದಲ್ಲಿ ಒಂದು ಕಡೆ ಬರೆದು ನೋಡಿದೆ. ಜಾಸ್ತಿ ಸತ್ತದ್ದು ಎಲೆ ಸವರಿದ ದಿನವೇ ಕೊಯ್ದ ಕಡ್ಡಿಗಳು. ಮರದಲ್ಲಿ ಇರುವಾಗಲೇ ಎಲೆ ಸವರಿ, ತೊಟ್ಟು ಮಾತ್ರ ಬಿಟ್ಟು, ಒಂದು ವಾರದಿಂದ 10 ದಿನ ಕಾಯಬೇಕು. ಅಷ್ಟರಲ್ಲಿ ತೊಟ್ಟು ತಾನಾಗಿ ಕಳಚುತ್ತದೆ, ಮೊಗ್ಗು ಉಬ್ಬುತ್ತದೆ. ಹಾಗೆ ತಯಾರಾದ ಕಡ್ಡಿ ಬೇಗ ಚಿಗುರುತ್ತದೆ. ಇನ್ನೊಂದು ಗುಂಪು ಸತ್ತದ್ದು ಬೇರೆ ಕಾರಣಕ್ಕೆ. ಅವುಗಳ ಕಡ್ಡಿ ಸಣ್ಣ, ಸಸಿ ದಪ್ಪ. ತೊಗಟೆಯ ಕೆಳಗೆ ತೆಳುವಾದ ಹಸಿರು ಪದರ ಇರುತ್ತದೆ. ಎರಡೂ ಕಡೆಯ ಆ ಪದರಗಳು ತಾಗಿದರೆ ಮಾತ್ರ ಬೆಸುಗೆ. ಕಡ್ಡಿ ಸಣ್ಣದಿದ್ದಾಗ ನಾನು ಅದನ್ನು ಸೀಳಿನ ನಟ್ಟನಡುವೆ ಕೂರಿಸುತ್ತಿದ್ದೆ. ನೋಡಲು ಚಂದ, ಆದರೆ ಹಸಿರಿಗೆ ಹಸಿರು ತಾಗುತ್ತಿರಲಿಲ್ಲ. ಈಗ ಒಂದು ಪಕ್ಕಕ್ಕೆ ಸರಿಸಿ, ಆ ಬದಿಯ ಹಸಿರು ಕೂಡುವಂತೆ ಇಡುತ್ತೇನೆ.

ಮೂರನೇ ವರ್ಷ 40ರಲ್ಲಿ 31 ಬಂದವು. ಕಡ್ಡಿ ತರುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ ಬಾಳೆಪಟ್ಟೆಯೊಳಗೆ ಇಡುವುದು, ಚಾಕುವನ್ನು ಆಗಾಗ ಸ್ಪಿರಿಟ್‌ನಲ್ಲಿ ಒರೆಸುವುದು, ಕವರ್ ತೆಗೆಯುವುದಿದ್ದರೆ ಸಂಜೆ ಹೊತ್ತು ತೆಗೆಯುವುದು, ಕಸಿಯ ಕೆಳಗೆ ಬರುವ ಚಿಗುರನ್ನು ಬಿಡದೆ ಚಿವುಟುವುದು, ಇವೆಲ್ಲ ಅಭ್ಯಾಸವಾಗಿದ್ದವು. ಪಟ್ಟಿ ಬಿಚ್ಚಲು ಮರೆತು ಎರಡು ಒಳ್ಳೆಯ ಗಿಡ ಕಳೆದುಕೊಂಡೆ. ಕಾಂಡ ದಪ್ಪವಾದ ಹಾಗೆ ಪ್ಲಾಸ್ಟಿಕ್ ಅದನ್ನು ಕತ್ತು ಹಿಸುಕಿದ ಹಾಗೆ ಹಿಸುಕುತ್ತದೆ. ಆ ಎರಡನ್ನು ಕಿತ್ತು ಹಾಕಿದ ದಿನ ನನಗೆ ಊಟ ಸೇರಲಿಲ್ಲ.

ಅದೇ ವರ್ಷ ಆಗಸ್ಟಿನಲ್ಲಿ ಹಳ್ಳದ ಮರ ಬಿತ್ತು. ಅಷ್ಟು ಹೊತ್ತಿಗೆ ಅದರ ಕಸಿಗಳು ನಮ್ಮ ತೋಟದಲ್ಲಿ 9, ನೆಂಟರ ಮನೆಗಳಲ್ಲಿ ಇನ್ನಷ್ಟು ಇದ್ದವು. ಅಮ್ಮ ಹೋಗಿ ಒಂದು ಸಣ್ಣ ಗಿಡದ ಎಲೆ ಚಿವುಟಿ ಮೂಸಿ ನೋಡಿ, "ಅದೇ" ಅಂದಳು.

ಈಗ ನನಗೆ 52. ಕಲಿಯುವುದು ನಿಂತಿಲ್ಲ, ನಿಲ್ಲಿಸುವ ಮನಸ್ಸೂ ಇಲ್ಲ. ಕಾಳುಮೆಣಸನ್ನು ಬ್ರೆಜಿಲಿಯನ್ ಹಿಪ್ಪಲಿಗೆ ಕಟ್ಟುವುದನ್ನು ಎರಡು ವರ್ಷ ಹಿಡಿದು ಕಲಿತೆ. ದಕ್ಷಿಣ ಅಮೆರಿಕದಿಂದ ಬಂದ ಆ ಹಿಪ್ಪಲಿಯ ಬೇರು ನೀರು ನಿಲ್ಲುವ ಜಾಗವನ್ನೂ ತಡೆದುಕೊಳ್ಳುತ್ತದೆ, ಸೊರಗು ರೋಗಕ್ಕೂ ಸುಲಭಕ್ಕೆ ಬಗ್ಗುವುದಿಲ್ಲ. ಈಗ ಹಿಡಿದಿರುವುದು ಜಾಯಿಕಾಯಿ. ಅದರಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬೀಜದ ಸಸಿ ಯಾವುದು ಅಂತ ಹೂ ಬಿಡುವವರೆಗೆ ತಿಳಿಯುವುದಿಲ್ಲ. ಅದಕ್ಕೇ ಹೆಣ್ಣು ಮರದ ಕಡ್ಡಿ ತಂದು ಕಟ್ಟುವುದು. ಹೋದ ವರ್ಷ ಕಟ್ಟಿದ ಆರರಲ್ಲಿ ಐದು ಹಿಡಿದವು. ಖುಷಿಪಟ್ಟೆ. ಆದರೆ ಗಿಡಗಳು ಮೇಲೆ ಏಳದೆ ಪಕ್ಕಕ್ಕೇ ಹರಡುತ್ತಿವೆ. ನಾನು ಕಡ್ಡಿ ತಂದದ್ದು ಅಡ್ಡ ಕೊಂಬೆಯಿಂದ, ಅಡ್ಡ ಕೊಂಬೆಯ ಕಡ್ಡಿ ಕಸಿಯಾದ ಮೇಲೂ ಅಡ್ಡಕ್ಕೇ ಬೆಳೆಯುತ್ತದೆ. ನೆಟ್ಟಗೆ ಏಳುವ ಚಿಗುರು ಬೇಕಿತ್ತು. ಪುಸ್ತಕದಲ್ಲಿ ಆರು ನಂಬರುಗಳ ಮುಂದೆಯೂ "ಅಡ್ಡ ಕಡ್ಡಿ" ಅಂತ ಬರೆದಿದ್ದೇನೆ. ಪಕ್ಕದ ತೋಟದ ಹೆಣ್ಣು ಮರದ ತುದಿಯಲ್ಲಿ ಅಂಥ ನೆಟ್ಟನೆಯ ಚಿಗುರು ನಾಲ್ಕು ಇವೆ, ಕೆಳಗೆ ನಿಂತು ಎಣಿಸಿ ಬಂದಿದ್ದೇನೆ. ಅಡಿಕೆ ಕೊಯ್ಯುವವರು ಮುಂದಿನ ವಾರ ಬರುತ್ತಾರೆ, ಅವರ ಏಣಿ ಕೇಳಬೇಕು.