ಭಾರತದ ಮರಣ ಪ್ರಮಾಣದ ಮುನ್ನಂದಾಜು: ನನ್ನ ಅನುಭವ

ದೇಶದ ವಯಸ್ಸುವಾರು ಮರಣ ಪ್ರಮಾಣ ಮುಂದಿನ ವರ್ಷಗಳಲ್ಲಿ ಹೇಗೆ ಸಾಗಬಹುದೆಂದು ಅಂದಾಜಿಸಲು ನಾನು ಆಧಾರವಾಗಿಟ್ಟುಕೊಂಡದ್ದು ಸ್ಯಾಂಪಲ್ ರಿಜಿಸ್ಟ್ರೇಷನ್ ಸಿಸ್ಟಂ, ಅಂದರೆ ಎಸ್‌ಆರ್‌ಎಸ್‌ನ ವರದಿಗಳನ್ನು. ಸಾವಿನ ನೋಂದಣಿ ಎಲ್ಲ ರಾಜ್ಯಗಳಲ್ಲೂ ಸಮನಾಗಿ ನಡೆಯುವುದಿಲ್ಲ. ಆದ್ದರಿಂದ, ಆಯ್ದ ಹಳ್ಳಿ ಮತ್ತು ನಗರ ಘಟಕಗಳಲ್ಲಿ ಸ್ಥಳೀಯ ಗಣತಿದಾರರು ಸದಾ ದಾಖಲಿಸುವ, ಆರು ತಿಂಗಳಿಗೊಮ್ಮೆ ಮೇಲ್ವಿಚಾರಕರು ಪ್ರತ್ಯೇಕವಾಗಿ ಸಮೀಕ್ಷೆ ಮಾಡಿ ತಾಳೆ ನೋಡುವ ಈ ಲೆಕ್ಕವೇ ದೀರ್ಘ ಸರಣಿಗೆ ಹೆಚ್ಚು ನಂಬಿಕೆಗೆ ಅರ್ಹವೆನಿಸಿತು.

ಐದು ವರ್ಷಗಳ ಸರಾಸರಿಯ ಜೀವಿತ ಕೋಷ್ಟಕಗಳು, ಅಂದರೆ ಪ್ರತಿ ವಯಸ್ಸಿನಲ್ಲಿ ಸಾವಿನ ಸಾಧ್ಯತೆ ಮತ್ತು ಉಳಿದ ಆಯುಷ್ಯವನ್ನು ತೋರಿಸುವ ಪಟ್ಟಿಗಳು, ಸಿದ್ಧವಾಗಿಯೇ ಸಿಗುತ್ತವೆ, ನೋಡಲು ನಯವಾಗಿಯೂ ಇರುತ್ತವೆ. ಅವನ್ನು ಬಿಟ್ಟು ನಾನು ವಾರ್ಷಿಕ ಪ್ರಮಾಣಗಳನ್ನೇ ಆರಿಸಿಕೊಂಡೆ. 2014–18 ಮತ್ತು 2015–19ರ ಕೋಷ್ಟಕಗಳಲ್ಲಿ ನಾಲ್ಕು ವರ್ಷಗಳು ಎರಡರಲ್ಲೂ ಸೇರಿರುವುದರಿಂದ ವರ್ಷದಿಂದ ವರ್ಷಕ್ಕಾಗುವ ಏರಿಳಿತ ಅಡಗಿಹೋಗಿ, ಮುನ್ನಂದಾಜಿನ ಅನಿಶ್ಚಿತತೆಯ ವ್ಯಾಪ್ತಿ ಇರಬೇಕಾದುದಕ್ಕಿಂತ ಕಿರಿದಾಗಿ ಕಾಣುತ್ತದೆ. ವಾರ್ಷಿಕ ಅಂಕಿಗಳಿಗೂ ತಮ್ಮದೇ ತೊಡಕಿದೆ: 5ರಿಂದ 14ರ ವಯಸ್ಸಿನಲ್ಲಿ ಸಾವುಗಳು ವಿರಳವಾದ್ದರಿಂದ ಆ ಗುಂಪುಗಳನ್ನು ಒಟ್ಟುಗೂಡಿಸಬೇಕಾಯಿತು.

ಲೆಕ್ಕಕ್ಕೆ ಬಳಸಿದ್ದು ರೊನಾಲ್ಡ್ ಲೀ ಮತ್ತು ಲಾರೆನ್ಸ್ ಕಾರ್ಟರ್ 1992ರಲ್ಲಿ ಅಮೆರಿಕದ ಅಂಕಿಅಂಶಗಳಿಗಾಗಿ ರೂಪಿಸಿದ ವಿಧಾನ. ಮರಣ ಪ್ರಮಾಣದ ಲಾಗರಿದಮ್ ತೆಗೆದುಕೊಂಡು, ಅದನ್ನು ಪ್ರತಿ ವಯಸ್ಸಿನ ಸರಾಸರಿ ಮಟ್ಟ, ಕಾಲದೊಂದಿಗೆ ಬದಲಾಗುವ ಒಂದೇ ಸೂಚಿ, ಆ ಸೂಚಿಗೆ ಪ್ರತಿ ವಯಸ್ಸು ಸ್ಪಂದಿಸುವ ಬಗೆ ಎಂದು ಮೂರಾಗಿ ಬಿಡಿಸುವುದು ಇದರ ತಿರುಳು. ಮುಂದಕ್ಕೆ ಚಾಚುವುದು ಕಾಲಸೂಚಿಯನ್ನು ಮಾತ್ರ. ಅದರ ಸರಾಸರಿ ಇಳಿಕೆಯ ವೇಗ ಸರಣಿಯ ಮೊದಲ ಮತ್ತು ಕೊನೆಯ ವರ್ಷಗಳನ್ನಷ್ಟೇ ಅವಲಂಬಿಸಿರುವುದರಿಂದ, ಕೋವಿಡ್ ವರ್ಷದಲ್ಲಿ ಸರಣಿ ಮುಗಿದರೆ ಇಡೀ ಚಿತ್ರವೇ ವಾಲಿಬಿಡುತ್ತದೆ. ಹಾಗಾಗಿ 2019ಕ್ಕೆ ನಿಲ್ಲಿಸಿ ಆನಂತರದ ಆಘಾತವನ್ನು ಪ್ರತ್ಯೇಕವಾಗಿ ಪರಿಗಣಿಸಿದೆ.

ಹೆಚ್ಚು ಯೋಚಿಸಬೇಕಾಗಿ ಬಂದದ್ದು ಮೂರನೆಯ ಅಂಶದ, ಅಂದರೆ ಸೂಚಿಗೆ ಪ್ರತಿ ವಯಸ್ಸು ಸ್ಪಂದಿಸುವ ಬಗೆಯ ಬಗ್ಗೆ. 1971ರಲ್ಲಿ ಸಾವಿರ ಜನನಗಳಿಗೆ 129 ಇದ್ದ ಶಿಶು ಮರಣ ಪ್ರಮಾಣ 2020ಕ್ಕೆ 28ಕ್ಕೆ ಇಳಿದಿದೆ. ಕಾಲಸೂಚಿಯನ್ನು ಬಹುಮಟ್ಟಿಗೆ ಕೆಳಗೆಳೆಯುವುದು ಎಳೆಯ ವಯಸ್ಸಿನ ಇಂಥ ಇಳಿಕೆಯೇ. ವಯಸ್ಸುಗಳ ನಡುವಿನ ಸ್ಪಂದನೆಯ ಅನುಪಾತ ಎಂದಿಗೂ ಬದಲಾಗದೆಂದು ಈ ವಿಧಾನ ಭಾವಿಸುತ್ತದೆ. ಹೃದ್ರೋಗ, ಮಧುಮೇಹಗಳ ಹೊರೆ ಹೊತ್ತ ನಡುವಯಸ್ಸಿಗೆ ಆ ಭಾವನೆ ಒಪ್ಪುವುದೆಂದು ನನಗನ್ನಿಸಲಿಲ್ಲ. ಆದ್ದರಿಂದ ಗಂಡು ಹೆಣ್ಣುಗಳಿಗೆ ಬೇರೆಬೇರೆಯಾಗಿ, ಇತ್ತೀಚಿನ ದಶಕಗಳಿಗಷ್ಟೇ ಹೊಂದಿಸಿ ಮತ್ತೊಮ್ಮೆ ಲೆಕ್ಕಹಾಕಿ, ಎರಡೂ ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿ ಕೊಟ್ಟೆ.

ಆಡಳಿತದವರು ಸಾಮಾನ್ಯವಾಗಿ ಕೇಳುವುದು ಕಚ್ಚಾ ಮರಣ ಪ್ರಮಾಣವನ್ನು, ಅಂದರೆ ಸಾವಿರ ಜನರಿಗೆ ವರ್ಷಕ್ಕಾಗುವ ಸಾವುಗಳನ್ನು. ಆ ಒಂದೇ ಅಂಕಿಯನ್ನು ಕೊಡಲು ನಾನು ಹಿಂಜರಿಯುತ್ತೇನೆ. ಪ್ರತಿ ವಯಸ್ಸಿನಲ್ಲೂ ಪ್ರಮಾಣ ಇಳಿಯುತ್ತಿದ್ದರೂ ವೃದ್ಧರ ಪಾಲು ಹೆಚ್ಚಿದಂತೆ ಅದು ಏರಬಲ್ಲದು. ಶಿಶು ಮರಣ ಬಹಳ ಕಡಿಮೆಯಿರುವ ಕೇರಳದಲ್ಲಿ ಅದು ರಾಷ್ಟ್ರೀಯ ಸರಾಸರಿಗಿಂತ ಹೆಚ್ಚಿರುವುದಕ್ಕೆ ಕಾರಣ ಇದೇ. ಹೀಗಾಗಿ ಪ್ರಮಾಣಗಳನ್ನು ಜನಸಂಖ್ಯೆಯ ಮುನ್ನಂದಾಜಿನಿಂದ ಗುಣಿಸಿ, 40–64 ಮತ್ತು 65ಕ್ಕೆ ಮೇಲ್ಪಟ್ಟವರಲ್ಲಿ ನಿರೀಕ್ಷಿಸಬಹುದಾದ ಸಾವುಗಳ ಸಂಖ್ಯೆಯನ್ನು ಅದರ ಮೇಲಿನ ಮತ್ತು ಕೆಳಗಿನ ಮಿತಿಗಳ ಸಹಿತ ವರದಿಯ ಮೊದಲ ಪುಟದಲ್ಲಿಯೇ ಇರಿಸಿದೆ.